ಗಿರಣಿಯ ಮೀನಿನ ಉಪವಾಸ

ರಾಯಾಪುರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮಗಳು ನರ್ಸಿಂಗ್ ಕಲಿಯಲು ವಿದ್ಯಾನಗರದ ಹಾಸ್ಟೆಲ್ ಸೇರಿದಾಗ ತನ್ನ ಗೋಲ್ಡ್‌ಫಿಶ್ ಅನ್ನು ನನ್ನ ಕೈಗೆ ಒಪ್ಪಿಸಿ ಹೋದಳು. ಹಗಲೆಲ್ಲ ನಾನಿರುವುದು ಗಿರಣಿಯಲ್ಲೇ. ಅದಕ್ಕೆ ಗಾಜಿನ ತೊಟ್ಟಿಯನ್ನೂ ಅಲ್ಲಿಗೇ ತಂದು, ಧೂಳು ಬೀಳದ ಹಾಗೆ ಮುಚ್ಚಳ ಹಾಕಿ, ಗಿರಾಕಿಗಳು ಕಾಯುವ ಬೆಂಚಿನ ಪಕ್ಕ ಇಟ್ಟೆ. ತಪ್ಪಾದದ್ದು ಅಲ್ಲೇ.

ಗೋಲ್ಡ್‌ಫಿಶ್ ಸುಮ್ಮನಿದ್ದಾಗಲೂ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ನಮ್ಮ ಜನ ಅದನ್ನು ನೋಡಿ ಸುಮ್ಮನಿರುತ್ತಾರೆಯೇ? ಜೋಳದ ಹಿಟ್ಟು, ಗೋಧಿ ನುಚ್ಚು, ಕಡಲೆ ಹಿಟ್ಟು, ಯಾರು ಏನು ಬೀಸಿಸಿದರೂ ಅದಕ್ಕೊಂದು ಚಿಟಿಕೆ. ಹಿಂದಿನ ಓಣಿಯ ಅಜ್ಜಿ, ಎಲ್ಲರೂ ಆಯಿ ಎಂದು ಕರೆಯುವವರು, ಅವರಂತೂ ಮನೆಯಿಂದ ರೊಟ್ಟಿ ಚೂರು ತರುತ್ತಿದ್ದರು.

“ಪಾಪ, ಎಷ್ಟೊತ್ತಿನಿಂದ ಬೇಡಾಕತ್ತೈತಿ ನೋಡ. ನೀ ಬರೇ ಬೀಸ್ಕೋತ ಕುಂದರು,” ಎಂದು ನನ್ನನ್ನೇ ಬೈಯುತ್ತಿದ್ದರು.

ಮಗಳು ಸಂಜೆ ಫೋನಿನಲ್ಲಿ, “ಅಪ್ಪಾ, ಮೀನ ಊಟ ಮಾಡೇತೇನು?” ಎಂದು ಕೇಳುವಳು.

“ನನಗಿಂತ ಛಲೋ ಮಾಡೇತವ್ವಾ,” ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ.

ಒಂದು ಶನಿವಾರ ನೋಡುತ್ತೇನೆ, ಮೀನಿನ ಹೊಟ್ಟೆ ಉಬ್ಬಿದೆ, ಮಗ್ಗುಲಾಗಿ ತೇಲುತ್ತಿದೆ. ಮಗಳಿಗೆ ಹೇಳುವ ಧೈರ್ಯ ಆಗಲಿಲ್ಲ. ನಾಳೆ ಬಿಟ್ಟು ಅದರ ಮುಂದಿನ ರವಿವಾರ ಅವಳು ಬರುವವಳಿದ್ದಳು. ಮರುದಿನ ಬೆಳಿಗ್ಗೆಯೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹುಬ್ಬಳ್ಳಿಯ ಸಾಕುಮೀನಿನ ಅಂಗಡಿಗೆ ಓಡಿದೆ. ಏನೇನು ತಿನ್ನಿಸಿದ್ದೇವೆ ಎಂದು ಹೇಳಿದ ಮೇಲೆ ಅಂಗಡಿಯವನು ನಕ್ಕುಬಿಟ್ಟ.

“ಕಾಕಾ, ಇದು ಮೀನೋ, ಬೀಗರೋ? ಇವತ್ತ, ನಾಳೆ ಏನೂ ಹಾಕಬ್ಯಾಡ್ರಿ. ಆಮ್ಯಾಲ ಹಸಿ ಬಟಾಣಿ ಕುದಿಸಿ, ಸಿಪ್ಪಿ ತಗದು, ಹಿಚುಕಿ ಒಂದೀಟ ಹಾಕ್ರಿ. ಮುಂದ ದಿನಾ ಎರಡ ನಿಮಿಷದಾಗ ತಿಂದು ಮುಗಸೂವಷ್ಟ ಮೀನಿನ ಕಾಳ ಸಾಕು. ವಾರದಾಗ ಒಂದಿನ ಹೊಟ್ಟಿ ಖಾಲಿ ಇರಲಿ.”

ಗಿರಣಿಗೆ ಬಂದು ತೊಟ್ಟಿಯ ಅರ್ಧ ನೀರು ಬದಲಿಸಿದೆ. ತಡವಾಗಿ ಸಾಲೆ ಕಲಿತವನು ನಾನು, ಅಕ್ಷರ ಬಿಡಿಸಿ ಬಿಡಿಸಿ ಬರೆಯುತ್ತೇನೆ. ‘ಮೀನಿಗೆ ಏನೂ ಹಾಕಬಾರದು’ ಎಂದು ರಟ್ಟಿನ ಮೇಲೆ ದಪ್ಪಗೆ ಬರೆದು ತೂಗುಹಾಕಿದೆ. ಸೋಮವಾರ ಮೊದಲ ಗಿರಾಕಿ ಅದನ್ನು ಗಟ್ಟಿಯಾಗಿ ಓದಿದ. ಓದಿ, ಒಂದು ಚಿಟಿಕೆ ಹಿಟ್ಟು ಹಾಕಿದ.

“ಅಲ್ರಿ, ಈಗರ ಓದಿದ್ರೆಲ್ಲ?”

“ಓದಿದ್ನೆಪಾ. ಅದು ಹುಡುಗೂರಿಗೆ ಅಲ್ಲೇನು?”

ಹತ್ತು ಗಂಟೆಯೊಳಗೆ ಎರಡು ಸಲ ಚಹಾ ಸೋಸುವ ಜಾಳಿಗೆಯಿಂದ ಹಿಟ್ಟು ತೆಗೆದೆ. ಅಷ್ಟರಲ್ಲಿ ಆಯಿ ಬಂದರು, ಮುಚ್ಚಳ ಎತ್ತಿದರು. ನನಗೆ ಅದು ಹೇಗೆ ಹೊಳೆಯಿತೋ ಗೊತ್ತಿಲ್ಲ.

“ಆಯಿ, ಇವತ್ತ ಸೋಮವಾರರಿ. ಅದರದೂ ಉಪವಾಸ ಐತಿ.”

ಆಯಿ ಎಷ್ಟೋ ವರ್ಷದಿಂದ ಸೋಮವಾರ ಹಿಡಿದವರು. ರೊಟ್ಟಿ ಚೂರು ತಟ್ಟನೆ ಸೆರಗಿಗೆ ಹೋಯಿತು.

“ಮದಲ ಹೇಳಬಾರದೇನೋ! ನನ್ನ ಕೈಲೆ ಪಾಪ ಮಾಡಸ್ತಿದ್ದಿ. ಸಂಜಿಗೆ ಬಿಡತೈತೇನು?”

“ಇಲ್ರಿ, ನಾಳೆ ಮುಂಜಾನಿ. ಅದೂ ಬರೇ ಕುದಿಸಿದ ಬಟಾಣಿ, ಸಿಪ್ಪಿ ತಗದು.”

“ಅಬಬಬ! ನನಗಿಂತ ಗಟ್ಟಿ ಐತಿ.”

ಮಧ್ಯಾಹ್ನದ ತನಕ ಅವರು ಬೆಂಚು ಬಿಟ್ಟು ಏಳಲಿಲ್ಲ. ಯಾರು ಕೈ ಚಾಚಿದರೂ, “ಏ, ತಗಿ ಕೈ! ಉಪವಾಸ ಐತಿ ಅದು.” ನನ್ನ ಬೋರ್ಡಿಗೆ ಬಗ್ಗದವರೆಲ್ಲ ಉಪವಾಸಕ್ಕೆ ಬಗ್ಗಿದರು. ಹಿರಿಯರಿಗೆ ಸುಳ್ಳು ಹೇಳಿದೆನಲ್ಲ ಎಂದು ನನಗೆ ಮುಜುಗರವಾಗಿತ್ತು. ಆದರೆ ವಾರಕ್ಕೊಂದು ದಿನ ಎಂದವನು ಅಂಗಡಿಯವನೇ. ಅದು ಸೋಮವಾರ ಎಂಬುದಷ್ಟೇ ನನ್ನದು.

ಮಂಗಳವಾರ ಗಿರಣಿ ತೆಗೆಯುವ ಮೊದಲೇ ಆಯಿ ಬಾಗಿಲಲ್ಲಿ ನಿಂತಿದ್ದರು, ಸಿಪ್ಪೆ ಸುಲಿದ ಎರಡು ಬಟಾಣಿ ಬಟ್ಟಲಲ್ಲಿ ಹಿಡಿದುಕೊಂಡು. ಗುರುವಾರದ ಹೊತ್ತಿಗೆ ಮೀನು ನೆಟ್ಟಗಾಯಿತು.

ರವಿವಾರ ಮಗಳು ಬಂದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. “ಅಪ್ಪಾ, ಎಷ್ಟ ತೆಳ್ಳಗಾಗೇತಿ! ನೀ ಊಟಾನ ಹಾಕಿಲ್ಲೇನು?”

ಎಲ್ಲವನ್ನೂ ಹೇಳಿದೆ. ಮೊದಲು ಸಿಟ್ಟಾದಳು, ಆಮೇಲೆ ನಕ್ಕಳು. ಮೀನು ಗಿರಣಿಯಲ್ಲೇ ಇರಲಿ ಎಂದಳು.

ಮರುದಿನ ಸೋಮವಾರ. ಆಯಿ ಬೆಂಚಿಗೆ ಕೂತ ಕೂಡಲೆ ಮೀನು ಗಾಜಿಗೆ ಬಂದು ಬಾಯಿ ತೆರೆಯಿತು. ಅವರು ಮುಖ ಆಚೆ ತಿರುಗಿಸಿದರು.

“ನನ್ನ ಕಡಿ ಏನ್ ನೋಡ್ತಿ? ನನಗೂ ಹೊಟ್ಟಿ ಹಸದೈತಿ.”