ಕರೆಂಟ್ ಪವಿತ್ರಳ ದನಿ

ಹೊನ್ನವಳ್ಳಿಯ ನಮ್ಮ ಬೀದಿಯಲ್ಲಿ ಪವಿತ್ರ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕರೆಂಟ್ ಪವಿತ್ರ ಎನ್ನಬೇಕು. ಸಂಪಿಗೆ ಎಂಬ ಊರಿನ ಹುಡುಗಿ, ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಪಕ್ಕದ ಮನೆಯ ಕಾಂತೇಶನನ್ನು ಮದುವೆಯಾಗಿ ಬಂದು, ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಿದ್ದಳು.

ತೋಟಕ್ಕೆ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ತಾನಾಗಿ ಆನ್ ಆಗುವ ಸ್ಟಾರ್ಟರ್ ಹಾಕಿದರೆ, ಬೋರ್‌ವೆಲ್‌ನಲ್ಲಿ ನೀರಿಲ್ಲದಾಗ ಮೋಟರ್ ಸುಟ್ಟುಹೋದೀತೆಂಬ ಭಯ. ಹಾಗಾಗಿ ಜನ ತೆಂಗಿನ ಬುಡದಲ್ಲೇ ಕಾಯುತ್ತಿದ್ದರು. ಕರೆಂಟ್ ಬಂದದ್ದನ್ನು ತಿಳಿಸಲು ಪವಿತ್ರ ಒಂದು ಆ್ಯಪ್ ಮಾಡಿಕೊಟ್ಟಳು. ಯಾರೂ ತೆರೆಯಲಿಲ್ಲ. ಬೇರೆಯವರಾಗಿದ್ದರೆ ಜನಕ್ಕೆ ಬುದ್ಧಿಯಿಲ್ಲ ಎನ್ನುತ್ತಿದ್ದರು. ಇವಳು ಬದುವಿನ ಮೇಲೆ ಅವರ ಜೊತೆ ಕೂತು ನೋಡಿದಳು. ಕೈಯೆಲ್ಲ ಕೆಸರು, ಕಣ್ಣು ಮಂಜು. ಫೋನ್ ಹೊಡೆದುಕೊಂಡರೆ ಮಾತ್ರ ಎತ್ತುತ್ತಾರೆ. ಆ್ಯಪ್ ಕೈಬಿಟ್ಟು ಪಂಪ್‌ಹೌಸಿನಲ್ಲಿ ಪುಟ್ಟ ಡಬ್ಬಿಯೊಂದನ್ನು ಇಟ್ಟಳು. ಕರೆಂಟ್ ಬಂದ ಕೂಡಲೇ ಅದು ಎಲ್ಲರಿಗೂ ಫೋನ್ ಮಾಡುತ್ತದೆ. ಮೊದಲು ಯಂತ್ರದ ದನಿ ಇತ್ತು. ಸಾಲ ಬೇಕಾ ಎನ್ನುವವರ ಫೋನೆಂದು ಜನ ಕಟ್ ಮಾಡಿದರು. ಆಗ ತನ್ನದೇ ದನಿ ಹಾಕಿದಳು: "ಕರೆಂಟ್ ಬಂದೈತೆ, ಮೋಟ್ರು ಆನ್ ಮಾಡಿ."

ಎಡವಿದ್ದು ಅಲ್ಲೇ. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಫೋನ್ ಮಾಡಿದರೆ ಊಟ ಆಯ್ತಾ ಎಂದು ಕೇಳದೆ ಇಡುತ್ತಾರೆಯೇ? ಎದುರುಮನೆ ಬೋರಯ್ಯ ಕೇಳಿದ. ಉತ್ತರ ಬರಲಿಲ್ಲ. ನೇರ ಬಾಗಿಲಿಗೇ ಬಂದ.

"ಏನವ್ವ, ಮಾತಾಡ್ಸುದ್ರೆ ಮಾತಾಡಕ್ಕಿಲ್ವಲ್ಲ, ಸಿಟ್ಟಾ?"

"ಅದು ರೆಕಾರ್ಡ್ ಮಾಡಿರೋದು ಕಣಣ್ಣ."

"ಅದೇನಾರ ಆಗ್ಲಿ. ನೀನು ಒಂದ್ಮಾತು ಹೂಂ ಅಂದ್ಬುಟ್ರೆ ಧೈರ್ಯ."

ಅಂದಿನಿಂದ ಡಬ್ಬಿ ಫೋನ್ ಮಾಡಿದ ಮೇಲೆ ಎಲ್ಲರೂ ಇವಳಿಗೆ ಮಾಡಿ ಖಾತ್ರಿ ಮಾಡಿಕೊಳ್ಳತೊಡಗಿದರು. ತುತ್ತು ಬಾಯಿಗಿಟ್ಟಾಗ, ಮೀಟಿಂಗ್ ನಡುವೆ, ಸ್ನಾನಕ್ಕೆ ಹೋದಾಗ. ಮಾಡಿದವರನ್ನು ಜನ ಮರೆತರೆ ಅದು ಒಳ್ಳೆಯ ಕೆಲಸ ಎನ್ನುತ್ತಿದ್ದವಳು ಗೂಟಕ್ಕೆ ಕಟ್ಟಿದ ಕರುವಿನಂತಾದಳು. "ಉಸಿರು ಕಟ್ಟುತ್ತೆ ಕಣಕ್ಕ" ಎಂದು ನನ್ನೆದುರು ಅತ್ತಿದ್ದಳು. ನನಗೂ ಸಂಕಟವಾಯಿತು, ಆದರೂ ಮರುದಿನ ಕರೆಂಟ್ ಬಂತಾ ಎಂದು ನಾನೂ ಕೇಳಿದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೊತ್ತು ಬಂತು. ಬೀದಿಗೆ ಬೀದಿಯೇ ಗೊಣಗಿತು. ಡಬ್ಬಿಗೆ ತನ್ನ ಬದಲು ಅತ್ತೆ ಅನಸೂಯಮ್ಮನ ದನಿ ಹಾಕಿ ನೋಡಿದಳು.

"ನಿಮ್ಮತ್ತೆ ಬೈದಂಗಾಯ್ತು, ಕಟ್ ಮಾಡ್ಬುಟ್ಟೆ" ಎಂದ ಬೋರಯ್ಯ. ಅವನ ತೋಟಕ್ಕೆ ಅಂದು ನೀರು ಬೀಳಲಿಲ್ಲ.

ಅನಸೂಯಮ್ಮನೇ ಸೋತು, "ನಿನ್ ದನೀನೇ ಇರ್ಲಿ ಬುಡವ್ವ. ನಿನ್ ಫೋನ್ನ ಕಾಂತೇಶನ ಕೈಗೆ ಕೊಟ್ಟು ಹೋಗು" ಎಂದರು. ಹಾಗೇ ಕೊಟ್ಟು ಬಸ್ ಹತ್ತಿದಳು.

ತವರಿನ ಜಗಲಿಯಲ್ಲಿ ಕಾಲು ಚಾಚಿ ಕೂತಾಗ ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತಂತೆ. ಮಧ್ಯಾಹ್ನ ತಾಯಿ ಗಂಗಲಕ್ಷ್ಮಿಯ ಫೋನ್ ಹೊಡೆದುಕೊಂಡಿತು. ಆಕೆ ನಾಚಿಕೊಂಡರು.

"ನಿಂದೇ ಕಣೇ. ನೀನಾಗಿ ಮಾಡೋದೇ ಬುಟ್ಟಿದ್ಯಲ್ಲ, ಅಳಿಯಂದ್ರಿಗೆ ಹೇಳಿ ಆ ಡಬ್ಬಿಗೆ ನನ್ ನಂಬ್ರೂ ಸೇರಿಸ್ಕಂಡೆ. ದಿನಾ ನಿನ್ ದನಿ ಕೇಳ್ತೀನಿ."

ಫೋನ್ ಎತ್ತಿ ತಮ್ಮ ಕಿವಿಗಿಟ್ಟರು. ಕರೆಂಟ್ ಬಂದೈತೆ ಎಂದು ಪವಿತ್ರಳ ದನಿ ಸಣ್ಣಗೆ ಕೇಳಿಸಿತು.

"ಹೂಂ ಮಗಾ. ಊಟ ಆಯ್ತಾ?" ಎಂದರು ಗಂಗಲಕ್ಷ್ಮಿ, ದಿನದ ರೂಢಿಯಂತೆ.

"ಇನ್ನೂ ಇಲ್ಲ ಕಣಮ್ಮ" ಎಂದಳು ಪಕ್ಕದಲ್ಲಿದ್ದ ಪವಿತ್ರ.

ಕಿವಿಯಿಂದ ಫೋನ್ ತೆಗೆಯದೆಯೇ ತಾಯಿ ಅವಳ ಕಡೆ ತಿರುಗಿದರು.