ತಾರಸಿಯ ಮೇಲಿನ ನೀಲಿ ಕೇಬಲ್

ಮದುವೆಯಾಗಿ ಗೌರಿಬಿದನೂರಿನಿಂದ ಶಿಡ್ಲಘಟ್ಟಕ್ಕೆ ಬಂದ ಮೂರನೆಯ ವರ್ಷ ನನಗೊಂದು ಕೆಲಸ ಸಿಕ್ಕಿತು. ಮನೆಯಲ್ಲೇ ಕೂತು ಮಾಡುವ ಕೆಲಸ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ವಿಚಾರ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಬೆಂಗಳೂರಿನ ಒಂದು ಆಫೀಸು ಆ ಧ್ವನಿ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ನಮ್ಮಂಥವರಿಗೆ ಹಂಚುತ್ತಿತ್ತು. ನಾವು ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅಕ್ಷರ ತಪ್ಪದಂತೆ ಟೈಪ್ ಮಾಡಿ, ಹೇಳಿದ ಹೊತ್ತಿಗೆ ವಾಪಸು ಕಳಿಸಬೇಕು. ನಮ್ಮ ಊರಿಗೆ ಬ್ರಾಡ್‌ಬ್ಯಾಂಡ್ ಬಂದು ಆಗಿನ್ನೂ ವರ್ಷವಾಗಿತ್ತಷ್ಟೆ. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ, ಅದರಲ್ಲಿ ಪಾಸಾದರೆ ಕೆಲಸ ಖಾಯಂ.

ಡಿಗ್ರಿ ಮುಗಿಸಿ ಐದು ವರ್ಷ ಸುಮ್ಮನೆ ಕೂತಿದ್ದವಳು ನಾನು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಅದು ಹೋಗಿಬಿಡುತ್ತದೆ ಎಂಬ ಭಯ ಸಿಕ್ಕ ದಿನದಿಂದಲೇ ಶುರುವಾಗಿತ್ತು.

ನಮ್ಮದು ಊರಂಚಿನ ಉದ್ದನೆಯ ಮನೆ. ರಸ್ತೆ ಕಡೆಗೆ ಮುಂದಿನ ಕೋಣೆ. ಫೋನು, ರೂಟರು, ಟೀವಿ, ಮಾವನವರ ಮಂಚ, ಬಂದುಹೋಗುವ ಜನ ಎಲ್ಲ ಅಲ್ಲೇ. ನಡುವೆ ಕಲ್ಲುಗೋಡೆ, ಕಲ್ಲುಚಪ್ಪಡಿಯ ಹಳೇ ಭಾಗ. ಅದು ಅತ್ತೆಯ ಹುಳುಮನೆ, ರೇಷ್ಮೆ ಹುಳು ಸಾಕುವ ಕೋಣೆ. ಅದರ ಹಿಂದೆ ಹೊಸದಾಗಿ ಕಟ್ಟಿಸಿದ ನಮ್ಮ ಕೋಣೆ. ಮನೆಯಲ್ಲಿ ಸದ್ದಿಲ್ಲದ ಜಾಗ ಅದೊಂದೇ ಆದ್ದರಿಂದ ಕಂಪ್ಯೂಟರ್ ಅಲ್ಲಿತ್ತು.

ತಂತಿಯಿಲ್ಲದೆ ಬರುವ ಸಿಗ್ನಲ್ಲಿಗೆ ಆ ಎರಡು ಕಲ್ಲುಗೋಡೆ ದಾಟುವ ಶಕ್ತಿ ಇರಲಿಲ್ಲ. ನನ್ನ ಯಜಮಾನರು ಚಿಂತಾಮಣಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಒಂದು ಭಾನುವಾರ ಕಂಪ್ಯೂಟರನ್ನು ಮುಂದಿನ ಕೋಣೆಗೆ ಹೊತ್ತು ತಂದು, ರೂಟರಿನ ಪಕ್ಕದಲ್ಲೇ ಇಟ್ಟು, ಇಂಟರ್ನೆಟ್ ವೇಗ ತೋರಿಸುವ ಮೀಟರ್ ತೆರೆದು ಸ್ಪೀಡ್ ನೋಡಿದರು. ಮುಳ್ಳು ತುದಿ ಮುಟ್ಟಿತು. ಹಿಂದಿನ ಕೋಣೆಗೆ ಒಯ್ದು ನೋಡಿದರೆ ಮುಳ್ಳು ಸೊನ್ನೆಯಿಂದ ಒಂದಿಷ್ಟು ಅಲುಗಿ ಅಲ್ಲೇ ನಡುಗುತ್ತಿತ್ತು. ಅರ್ಧ ಕಳಿಸಿದ ಫೈಲು ಅರ್ಧಕ್ಕೇ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ ಕಳಿಸಬೇಕು. ಗಡಿಯಾರ ನೋಡುತ್ತಾ ನೋಡುತ್ತಾ ನನ್ನ ಅಂಗೈ ಬೆವೆತು ಕೀಬೋರ್ಡು ಒದ್ದೆಯಾಗುತ್ತಿತ್ತು.

ಎರಡನೆಯ ತಿಂಗಳ ಕೊನೆಗೆ ಬೆಂಗಳೂರಿನ ಮೇಡಂ ಫೋನ್ ಮಾಡಿದರು.

“ಇದು ನಾಲ್ಕನೇ ಸಲ ಅಲ್ವೇನ್ರಿ? ನಿಮ್ಮ ಕೆಲಸ ಚೆನ್ನಾಗಿದೆ. ಆದ್ರೆ ತಡವಾಗಿ ಬಂದ್ರೆ ನಾನೇನು ಮಾಡ್ಲಿ? ಇನ್ನೊಂದ್ಸಲ ಹೀಗಾದ್ರೆ ಹೆಸರು ತೆಗೀಬೇಕಾಗುತ್ತೆ.”

ಫೋನ್ ಇಟ್ಟು ತಿರುಗಿದರೆ ಮಾವ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ನಾನು ಧೈರ್ಯ ಮಾಡಿ ಕೇಳಿದೆ. “ಮಾವ, ಈ ಡಬ್ಬಿಯಿಂದ ಹಿಂದಿನ ರೂಮಿಗೆ ಒಂದು ವೈರು ಎಳೆದ್ರೆ ಸರಿಹೋಗುತ್ತೆ.”

ಮಾವ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ಮೂವತ್ತು ವರ್ಷ ದುಡಿದು ರಿಟೈರ್ ಆದವರು. ಆದರೆ ಮನೆಯೊಳಗೆ ಒಂದು ತಂತಿ ನೇತಾಡಿದರೂ ಅವರಿಗೆ ಆಗುತ್ತಿರಲಿಲ್ಲ. ಮೋಡ ಕಟ್ಟಿದರೆ ಸಾಕು, ಟೀವಿಯ ಪ್ಲಗ್ಗು ಕಿತ್ತು, ಫೋನಿನ ತಂತಿ ಬಿಚ್ಚಿ ಇಡುತ್ತಿದ್ದರು. ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

“ಬೇಡ ಕಣಮ್ಮ,” ಅಂದರು. “ತಂತಿ ಇಲ್ದಂಗೆ ಬರುತ್ತೆ ಅಂತ ತಾನೇ ಅದನ್ನ ತಂದಿದ್ದು? ಹಂಗೇ ಬರ್ಲಿ.”

ಅತ್ತೆಯ ಉತ್ತರ ಇನ್ನೂ ಗಟ್ಟಿ. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುವ ಹೊತ್ತು. ಆ ಕೋಣೆಗೆ ಕೈಕಾಲು ತೊಳೆಯದೆ ಯಾರೂ ಕಾಲಿಡುವಂತಿರಲಿಲ್ಲ. “ಗೋಡೆ ಕೊರೀತೀಯಾ? ಆ ಧೂಳು ಬಿದ್ರೆ ಬೆಳೆ ಪೂರ್ತಿ ಹೋಗುತ್ತೆ. ವದ್ದಮ್ಮ ವದ್ದು, ಬೇಡವೇ ಬೇಡ! ಗೂಡು ಬಿಡಿಸೋವರೆಗೂ ಆ ಮಾತೇ ಎತ್ಬೇಡ.”

ಗೂಡು ಬಿಡಿಸಲು ಇನ್ನೂ ಎರಡು ವಾರ ಬೇಕಿತ್ತು. ನನಗೆ ಎರಡು ದಿನ ಕಾಯುವ ಧೈರ್ಯವೂ ಇರಲಿಲ್ಲ.

ಯಜಮಾನರು ಚಿಂತಾಮಣಿಯಿಂದ ಒಂದು ಸುತ್ತು ನೀಲಿ ಕೇಬಲ್ ತಂದರು. “ತಾರಸಿ ಮೇಲೆ ಎಳೆದುಬಿಡಣ. ಅಪ್ಪಂಗೆ ಮಂಡಿ ನೋವು, ಮೇಲೆ ಹತ್ತಲ್ಲ. ನೋಡೋರ್ಯಾರು?” ಅಂದರು. ಮಾವ ಸಾದಲಿಯಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದ ದಿನ ಆ ಕೆಲಸ ಮುಗಿಸಿದೆವು. ಮುಂದಿನ ಕೋಣೆಯ ಕಿಟಕಿಯಿಂದ ಮೇಲಕ್ಕೆ, ತಾರಸಿಯ ಅಂಚಿನಲ್ಲಿ ಹುಳುಮನೆಯ ಚಪ್ಪಡಿ ದಾಟಿ, ನಮ್ಮ ಕೋಣೆಯ ಕಿಟಕಿಯೊಳಕ್ಕೆ. ರೂಟರಿಗೆ ಸಿಕ್ಕಿಸಿದ ತುದಿಯನ್ನು ಕಿಟಕಿ ಪರದೆಯ ಮರೆಗೆ ತಳ್ಳಿದೆವು. ಕಂಪ್ಯೂಟರಿನಲ್ಲಿ ಸ್ಪೀಡ್ ನೋಡಿದೆ. ಮುಳ್ಳು ಒಂದೇ ನೆಗೆತಕ್ಕೆ ತುದಿಗೆ ಹೋಗಿ ನಿಂತಿತು. ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಫೈಲು ನಾನು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಹೋಯಿತು.

ಖುಷಿ ಅವತ್ತು ಸಂಜೆ ಮಾವ ಬರುವವರೆಗೆ ಮಾತ್ರ. ಆಮೇಲೆ ಇನ್ನೊಂದು ಭಯ ಹತ್ತಿಕೊಂಡಿತು. ಅವರು ಕಿಟಕಿಯ ಕಡೆ ತಿರುಗಿದರೆ ನಾನು ಅಡ್ಡ ಹೋಗಿ ನಿಲ್ಲುತ್ತಿದ್ದೆ. ಪರದೆ ಗಾಳಿಗೆ ಸರಿದರೆ ಓಡಿಹೋಗಿ ಎಳೆಯುತ್ತಿದ್ದೆ. ಅದೂ ಅಲ್ಲದೆ, ಆ ವಾರ ಮಾವ ಒಂದು ಹೊಸ ಅಭ್ಯಾಸ ಮಾಡಿಕೊಂಡರು. ಊಟವಾದ ಮೇಲೆ ಮಲಗುತ್ತಿದ್ದವರು ಈಗ ಹಿತ್ತಲ ಹಿಂದಿನ ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಮನೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಕೈ ಹಣೆಗೆ ಅಡ್ಡ ಹಿಡಿದು ಮೇಲಕ್ಕೆ ನೋಡುವರು. ನನ್ನ ಮೇಲೇ ಅನುಮಾನ ಬಂದಿದೆ ಅಂದುಕೊಂಡೆ. ನಮ್ಮ ಕೋಣೆಯಿಂದ ಹಿತ್ತಲಿಗೆ ತೆರೆಯುವ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡತೊಡಗಿದೆ.

ಅದು ಮೇ ತಿಂಗಳು. ಕೇಬಲ್ ಎಳೆದ ಐದನೆಯ ದಿನವೋ ಆರನೆಯ ದಿನವೋ, ಮಧ್ಯಾಹ್ನ ಮೂರಕ್ಕೆ ಬಿಸಿಲು ಇದ್ದಕ್ಕಿದ್ದಂತೆ ಕಂದಿತು. ಐದು ಗಂಟೆಗೆ ಒಂದು ದೊಡ್ಡ ಫೈಲು ಕಳಿಸಬೇಕಿತ್ತು. ಹೃದಯದ ಆಪರೇಷನ್ ವಿಚಾರ, ಡಾಕ್ಟರ ಉಚ್ಚಾರ ಬೇರೆ ಒರಟು. ನಾಲ್ಕರ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಮುಂದಿನ ಕೋಣೆಯ ರೂಟರಿಗೆ ಯಜಮಾನರು ಒಂದು ಚಿಕ್ಕ ಬ್ಯಾಟರಿ ಕೂಡಿಸಿದ್ದರಿಂದ ಇಂಟರ್ನೆಟ್ ಉಳಿದಿತ್ತು. ಆದರೆ ಯುಪಿಎಸ್ ತಡೆಯುವುದು ಇಪ್ಪತ್ತು ನಿಮಿಷ ಮಾತ್ರ.

ದೂರದಲ್ಲಿ ಗುಡುಗಿತು, ಹಿಂದೆಯೇ ಮಳೆ ಬಂತು. ನಾನು ಟೈಪ್ ಮಾಡುತ್ತಲೇ ಇದ್ದೆ. ಕೊನೆಯ ಸಾಲು ಮುಗಿಸಿ, ಹೆಡ್‌ಫೋನ್ ಕೊರಳಿಗೆ ಇಳಿಸಿ, ಕಳಿಸುವ ಗುಂಡಿ ಒತ್ತಿದೆ. ಆಗ ಹಿಂಬಾಗಿಲು ಧಡಧಡ ಬಡಿದ ಸದ್ದು.

“ತೆಗಿಯಮ್ಮಾ ಬಾಗಿಲು! ಏಳು ಅಲ್ಲಿಂದ!”

ಮಾವನವರ ದನಿ. ನಾನು ಎದ್ದು ತೆಗೆಯಲಿಲ್ಲ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಸಿಕ್ಕಿಬಿದ್ದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಕಂಪ್ಯೂಟರ್ ಪರದೆಯ ಮೇಲೆ ಫೈಲು ಹೋಗುವುದನ್ನು ತೋರಿಸುವ ಹಸಿರು ಗೆರೆ ಅರ್ಧ ದಾಟಿತ್ತು. ಇದೊಂದು ಹೋಗಿಬಿಡಲಿ, ಆಮೇಲೆ ಏನಾದರೂ ಬೈಯಲಿ ಅಂದುಕೊಂಡು ಕೂತೇ ಇದ್ದೆ. ಬಾಗಿಲು ಮತ್ತೆ ಬಡಿಯಿತು. “ಅಮ್ಮಾ! ವೈರು ಮುಟ್ಬೇಡ ಕಣಮ್ಮ! ಅದನ್ನ ಕೀಳೋಕೂ ಹೋಗ್ಬೇಡ, ಎದ್ದು ಬಾ!”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅಳುವಿನ ಹತ್ತಿರ ಇತ್ತು. ಅದು ಕಿವಿಗೆ ಬಿದ್ದ ಮೇಲೆಯೇ ನಾನು ಎದ್ದದ್ದು.

ಚಿಲಕ ತೆಗೆದದ್ದೇ ತಡ, ಒಳಗೆ ನುಗ್ಗಿದರು. ಮೈಯೆಲ್ಲ ನೆನೆದಿತ್ತು, ಕಾಲಿಗೆ ಕೆಸರು. ಸೊಸೆಯ ಕೈ ತಾಕೀತೆಂಬ ಸಂಕೋಚದಿಂದ ನನಗೆ ಲೋಟ ಕೊಡುವಾಗಲೂ ಕೆಳಗಿಟ್ಟು ಕೊಡುತ್ತಿದ್ದ ಮನುಷ್ಯ ನನ್ನ ಕೊರಳಿಂದ ಹೆಡ್‌ಫೋನ್ ಕಿತ್ತೆಸೆದು, ಮಣಿಕಟ್ಟು ಹಿಡಿದು ಎಳೆದುಕೊಂಡು ಹುಳುಮನೆಗೆ ಓಡಿದರು. ಹುಳು ಸಾಕುವ ತಟ್ಟೆಗಳ ಸಾಲಿನ ನಡುವೆ, ಗೋಡೆಯಿಂದ ದೂರ ನನ್ನನ್ನು ಕೂರಿಸಿ ತಾವೂ ಕುಕ್ಕರಿಸಿದರು.

ಅಷ್ಟರಲ್ಲಿ ಆಯಿತು. ಬೆಳಕು ಮೊದಲೋ ಸದ್ದು ಮೊದಲೋ ಹೇಳಲಾರೆ. ಬಾಗಿಲ ಸಂದಿಯಿಂದ ಇಡೀ ಕೋಣೆ ಬೆಳ್ಳಗಾಯಿತು. ಮೇಲಿನ ಕಲ್ಲುಚಪ್ಪಡಿ ಅದುರಿತು. ನನ್ನ ಕಿವಿಯಲ್ಲಿ ಒಂದು ಸಣ್ಣ ಶಿಳ್ಳೆ ಬಿಟ್ಟರೆ ಇನ್ನೇನೂ ಕೇಳದಾಯಿತು. ಮಾವ ಬಾಯಿ ಅಲುಗಿಸುತ್ತಿದ್ದರು, ಮಾತು ಕೇಳಿಸುತ್ತಿರಲಿಲ್ಲ. ನಾನು ಸತ್ತಿರಬಹುದು ಎಂದೂ ಒಂದು ಗಳಿಗೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಕಿವಿಗೆ ಬಂತು. ಅವಕ್ಕೆ ಏನೂ ಆಗಿರಲಿಲ್ಲ.

ಅತ್ತೆ ಮುಂದಿನ ಕೋಣೆಯಿಂದ ಓಡಿಬಂದರು. ಕೆಸರು ಹೆಜ್ಜೆಗಳನ್ನು ಮೊದಲು ನೋಡಿ, “ಕಾಲು ತೊಳೀದೆ ಹುಳುಮನೆಗೆ...” ಎಂದು ಶುರು ಮಾಡಿದವರು ನಮ್ಮಿಬ್ಬರ ಮುಖ ನೋಡಿ ನನ್ನ ಪಕ್ಕದಲ್ಲಿ ಕೂತರು. ಸೆರಗಿನಿಂದ ನನ್ನ ಮುಖ ಒರೆಸಿದರು. ನಾನು ಅಳುತ್ತಿದ್ದೆ ಎಂದು ನನಗೆ ಗೊತ್ತಾದದ್ದು ಆಗ.

ಸಿಡಿಲು ಬಿದ್ದದ್ದು ತೋಟದಾಚೆಯ ನೀಲಗಿರಿ ಮರಕ್ಕೆ. ಮರ ಉದ್ದಕ್ಕೆ ಸೀಳಿತ್ತು. ಮಳೆ ನಿಂತ ಮೇಲೆ ನಮ್ಮ ಕೋಣೆಗೆ ಹೋಗಿ ನೋಡಿದೆವು. ಸುಟ್ಟ ಪ್ಲಾಸ್ಟಿಕ್ ವಾಸನೆ. ಕಂಪ್ಯೂಟರಿನ ಹಿಂದೆ ಕೇಬಲ್ ಸಿಕ್ಕಿಸುವ ತೂತು ಕಪ್ಪಾಗಿತ್ತು. ಮುಂದಿನ ಕೋಣೆಯಲ್ಲಿ ರೂಟರ್ ಸತ್ತಿತ್ತು. ನಾನು ಅಲ್ಲೇ ಕೂತಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಏನೂ ಆಗದೆಯೂ ಇರಬಹುದಿತ್ತು.

ಸಂಜೆ ಯಜಮಾನರು ಬಸ್ಸಿಳಿದು ಬಂದು, ವಿಷಯ ಕೇಳಿ ಬಾಗಿಲಲ್ಲೇ ಕೂತುಬಿಟ್ಟರು. “ತಪ್ಪು ನಂದೇ ಅಪ್ಪ,” ಅಂದರು.

ಮಾವ ಬೈಯಲಿಲ್ಲ. “ನಂಗೆ ಎರಡನೇ ದಿನಾನೇ ಗೊತ್ತಾಯ್ತು ಕಣೋ. ಮೂವತ್ತು ವರ್ಷ ತಂತಿ ನೋಡ್ದೋನಿಗೆ ತೋಟದಿಂದ ತಾರಸಿ ಮೇಲಿನ ವೈರು ಕಾಣ್ದೇ ಇರುತ್ತಾ? ಕೀಳಿಸಣ ಅಂದ್ಕೊಂಡೆ. ಅವತ್ತು ಫೋನ್ ಇಟ್ಟಾಗ ಈ ಮಗೀನ ಮುಖ ನೋಡಿದ್ನಲ್ಲ, ಮನಸ್ಸು ಬರ್ಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟೋವರೆಗೂ ಮೋಡ ನೋಡ್ಕೊಂಡು ಕೂತ್ರೆ ಆಯ್ತು ಅಂದ್ಕೊಂಡೆ. ಇವತ್ತು ಕಣ್ಣು ಹತ್ಬಿಡ್ತು.”

ಬದುವಿನ ಮೇಲೆ ಅಷ್ಟು ದಿನ ಅವರು ಕಾದದ್ದು ನನ್ನನ್ನಲ್ಲ, ಆಕಾಶವನ್ನು. ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಅವರು ಮೊದಲ ಸಲ ಆ ಕಥೆ ಹೇಳಿದರು. ನನ್ನ ತವರಿನ ಕಡೆ, ಗೌರಿಬಿದನೂರಿನ ಹತ್ತಿರ ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಡೆದದ್ದು. ಲೈನು ಆಫ್ ಮಾಡಿಸಿ, ಅವರೂ ಅವರ ಜೊತೆಗಾರನೂ ಬಿದ್ದ ತಂತಿ ಎತ್ತಿ ಕಟ್ಟುತ್ತಿದ್ದರು. ತಲೆಯ ಮೇಲೆ ಬಿಸಿಲಿತ್ತು. ಮೋಡ ಇದ್ದದ್ದು ಎಲ್ಲೋ ದೂರದ ಬೆಟ್ಟದ ಮೇಲೆ. “ಕರೆಂಟ್ ಇಲ್ಲ, ಮಳೆ ಇಲ್ಲ, ಇನ್ನೇನು ಭಯ ಅಂದ್ಕೊಂಡ್ವಿ. ಅಲ್ಲಿ ಲೈನಿಗೆ ಸಿಡಿಲು ಹೊಡೀತು, ಇಲ್ಲಿಗೆ ಬಂತು. ನಾನು ಬೀಡಿ ಹಚ್ಚೋಕೆ ಅಂತ ಆಗ ತಾನೇ ತಂತಿ ಬಿಟ್ಟಿದ್ದೆ. ಅವನು ಹಿಡ್ಕೊಂಡಿದ್ದ.” ಅಷ್ಟು ಹೇಳಿ ಎದ್ದು ಹೋದರು.

ಫೈಲು ಹೋಗಿರಲಿಲ್ಲ. ಮಾರನೆಯ ದಿನ ಯಜಮಾನರ ಮೊಬೈಲಿನಿಂದ ಮೇಡಂಗೆ ಫೋನ್ ಮಾಡಿದೆ. ಕೆಲಸ ಹೋಯಿತೆಂದೇ ತಿಳಿದು, ಕಾರಣವಾದರೂ ಹೇಳಿಬಿಡೋಣ ಎಂದು ಎಲ್ಲ ಹೇಳಿದೆ.

“ನೀವು ಹುಷಾರಾಗಿದ್ದೀರಾ?” ಅಂದರು ಮೇಡಂ. “ಎರಡು ವಾರ ತಗೊಳ್ಳಿ. ಸರಿಯಾಗಿ ಲೈನ್ ಹಾಕಿಸ್ಕೊಂಡು ಶುರು ಮಾಡಿ.”

ಹುಳುಗಳು ಹಣ್ಣಾದವು. ಅತ್ತೆ ಅವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಟ್ಟರು. ಗೂಡು ಬಿಡಿಸಿ ಕೋಣೆ ಖಾಲಿಯಾದ ದಿನವೇ ಮಾವ ಮಂಚದ ಕೆಳಗಿಂದ ತಮ್ಮ ಹಳೇ ಕ್ಯಾನ್ವಾಸ್ ಚೀಲ ಎಳೆದರು. ಡ್ರಿಲ್ ಬೇಡ, ಕಲ್ಲು ಬಿರುಕು ಬಿಡುತ್ತದೆ ಎಂದು ಸುತ್ತಿಗೆ, ಚಾಣ ಹಿಡಿದು ಎರಡು ದಿನ ಕೂತು ಎರಡೂ ಕಲ್ಲುಗೋಡೆಗೆ ಬೆರಳು ತೂರುವಷ್ಟು ತೂತು ಮಾಡಿದರು. ಕರೆಂಟಿನ ವೈರಿಂಗ್ ಇದ್ದ ಗೋಡೆಯನ್ನು ಬಿಟ್ಟು, ಎದುರು ಗೋಡೆಯ ಬುಡದಲ್ಲಿ ಬಿಳಿ ಪೈಪು ಕೂರಿಸಿದರು. ನಾನು ಈಚೆಯಿಂದ ಕೇಬಲ್ ತಳ್ಳಬೇಕು, ಅವರು ಆಚೆಯಿಂದ ಎಳೆಯಬೇಕು. ನಡುವೆ ಗೋಡೆ ಇದ್ದದ್ದರಿಂದಲೋ ಏನೋ ನನಗೆ ಬಾಯಿ ಬಂತು.

“ಮಾವ, ಅವತ್ತು ನೀವು ಬಾಗಿಲು ಬಡಿದಾಗ ನಂಗೆ ಮೊದಲ್ನೇ ಸಲಾನೇ ಕೇಳಿಸ್ತು. ಬೇಕಂತಲೇ ತೆಗೀಲಿಲ್ಲ.”

ಆಚೆಯಿಂದ ಎಳೆತ ನಿಂತಿತು. “ಗೊತ್ತು ಕಣಮ್ಮ. ಹೆಡ್‌ಫೋನು ಕೊರಳಲ್ಲಿತ್ತಲ್ಲ,” ಎಂದರು. ಆಮೇಲೆ, “ತಳ್ಳು, ತಳ್ಳು, ಮಡಚ್ಕೊಳ್ತಾ ಇದೆ.”

ಹೊಸ ರೂಟರ್ ಬಂತು. ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸುವ ಹೊಸ ಕಾರ್ಡ್ ಹಾಕಿಸಿದೆವು. ಸ್ಪೀಡ್ ನೋಡುವಾಗ ಮಾವ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಮುಳ್ಳು ತುದಿ ಮುಟ್ಟಿತು. “ಪೂರ್ತಿ ಬರ್ತಿದೆಯಾ?” “ಬರ್ತಿದೆ ಮಾವ.” “ಸರಿ. ಮೋಡ ಕಂಡ್ರೆ ಎರಡೂ ಕಡೆ ಕೀಳ್ಬೇಕು. ಗುಡುಗೋವರೆಗೂ ಕಾಯಂಗಿಲ್ಲ.” ಮೂರನೆಯ ತಿಂಗಳ ಕೊನೆಗೆ ಕೆಲಸ ಖಾಯಂ ಆಯಿತು. ಆ ಕೋಣೆಯಲ್ಲಿ ಕೂತು ಇನ್ನೂ ನಾಲ್ಕು ವರ್ಷ ದುಡಿದೆ.

ಆದರೆ ಭಯ ಹೋಗಲಿಲ್ಲ. ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಮತ್ತೆ ಮೋಡ ಕಟ್ಟಿತು. ಫೈಲು ಮುಕ್ಕಾಲು ಹೋಗಿತ್ತು. ನಾನು ಕಾಯಲಿಲ್ಲ, ಕೇಬಲ್ ಕಿತ್ತೆ. ಎಷ್ಟು ಜೋರಾಗಿ ಎಳೆದೆನೆಂದರೆ ಅದರ ಪುಟ್ಟ ಕೊಂಡಿ ಮುರಿದು ನನ್ನ ಬೆರಳಲ್ಲೇ ಉಳಿಯಿತು. ಮಾವ ಆಚೆ ತುದಿ ಕಿತ್ತರು. ಮೂವರೂ ನಡುವಿನ ಕೋಣೆಯಲ್ಲಿ ಕೂತೆವು. ಮಿಂಚಿದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ, ಮಾವ ಗುಡುಗು ಕೇಳುವವರೆಗೆ ಬೆರಳು ಮಡಿಸಿ ಎಣಿಸುತ್ತಿದ್ದರು. ಅತ್ತೆ ಯಜಮಾನರ ಹಳೇ ಮೊಬೈಲನ್ನು ನನ್ನ ಕಡೆ ಚಾಚಿದರು. “ಆ ಮೇಡಂಗೆ ಹೇಳಮ್ಮ, ಅರ್ಧ ಗಂಟೆ ತಡ ಆಗುತ್ತೆ ಅಂತ.”

ಹೇಳಿದೆ. ಮೇಡಂ “ಆಯ್ತು” ಅಂದರು.