ದೊನ್ಯಾ ಎತೆಲ್ವಿನಾ ಅಂಗಳದ ಪಾಳೇಗಾರ

ಪಿಚಿಂಚಾ ಬೆಟ್ಟದ ಬೆನ್ನಿಗೆ ಅಂಟಿಕೊಂಡ ಆ ಊರಿನ ಶಾಲೆಯನ್ನು ಮೂವತ್ತು ವರ್ಷ ಆಳಿ, ನಿವೃತ್ತರಾಗಿ ಮನೆಗೆ ಬಂದವರು ದೊನ್ಯಾ ಎತೆಲ್ವಿನಾ. ಗಂಟೆ ಹೊಡೆದರೆ ಮಕ್ಕಳು ಸಾಲಾಗಿ ಬಂದು ನಿಲ್ಲುತ್ತಿದ್ದರು. ಹಕ್ಕಿಗಳೂ ಹಾಗೇ ಬರುತ್ತವೆಂದು ಅವರು ನಂಬಿದ್ದರೆ ತಪ್ಪು ಅವರದಲ್ಲ, ಹಕ್ಕಿಗಳದು.

ಹಕ್ಕಿ ಎಂದರೆ ಕಿಂದೆ. ಹೆಬ್ಬೆರಳಿನಷ್ಟು ದೇಹ, ದಬ್ಬಣದಂಥ ಕೊಕ್ಕು. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಝೇಂಕರಿಸುತ್ತ ಮಕರಂದ ಹೀರುವ ಜಾತಿ. ಬೇಲಿಯಾಚೆಯ ನಾದಿನಿ ಇಪಾತಿಯಾಳ ಹಿತ್ತಲಲ್ಲಿ ಅವು ಹಿಂಡುಹಿಂಡಾಗಿ ಇದ್ದವು. ಇಪಾತಿಯಾ ಅದಕ್ಕಾಗಿ ಮಾಡಿದ್ದೇನೂ ಇಲ್ಲ. ಏನೂ ಮಾಡದಿರುವುದು ಆಕೆಗೆ ಹುಟ್ಟಿನಿಂದಲೇ ಒಲಿದ ವಿದ್ಯೆ. ಹಂದಿಗೂಡಿನ ಮೇಲೆ ತಾಕ್ಸೋ ಬಳ್ಳಿ ಹಬ್ಬಿ ಗುಲಾಬಿ ಬಣ್ಣದ ಹೂ ಇಳಿಬಿಟ್ಟಿತ್ತು, ಉಳಿದದ್ದೆಲ್ಲ ಕಳೆ. ಎತೆಲ್ವಿನಾ ಅವರ ಅಂಗಳವೋ, ಕತ್ತರಿಸಿದ ಹುಲ್ಲು, ಸುಣ್ಣ ಬಳಿದ ಕಲ್ಲು, ಎರಡು ಪ್ಲಾಸ್ಟಿಕ್ ಬಾತುಕೋಳಿ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಊರವರೆಲ್ಲ ಹಂದಿಗೂಡಿನತ್ತ ನಡೆಯುವುದನ್ನು ಅವರು ಕಿಟಕಿಯಿಂದ ನೋಡಿದರು. ಎಷ್ಟು ದಿನ ಅಂತ ಸಹಿಸಿಯಾರು?

ಕಿಂದೆಗಳಿಗೆ ಕುಡಿಸಲೆಂದು ಪೇಟೆಯಿಂದ ಕೆಂಪು ಗಾಜಿನ ಬಾಟಲಿ ಬಂತು. ಅದರಲ್ಲಿ ಜೇನುತುಪ್ಪ, ನೀರು, ಮೇಲೆ ಕೇಕಿಗೆ ಹಾಕುವ ಕೆಂಪು ಬಣ್ಣ. ಇರುವೆ ಬಂತು, ಕಣಜ ಬಂತು, ಕೊನೆಗೆ ಬೂಷ್ಟೂ ಬಂತು; ಕಿಂದೆ ಮಾತ್ರ ಬರಲಿಲ್ಲ. ವಾರ ಕಳೆದ ಮೇಲೆ ಬಾಟಲಿ ಬಂದಿದ್ದ ರಟ್ಟಿನ ಡಬ್ಬಿಯನ್ನು ಎಸೆಯಲು ಹೋದಾಗ ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಮಾತು ಕಣ್ಣಿಗೆ ಬಿತ್ತು: ಒಂದು ಪಾಲು ಸಕ್ಕರೆ, ನಾಲ್ಕು ಪಾಲು ನೀರು, ಜೇನೂ ಬೇಡ ಬಣ್ಣವೂ ಬೇಡ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆದವರನ್ನು ಮೂವತ್ತು ವರ್ಷ ಮೂಲೆಯಲ್ಲಿ ನಿಲ್ಲಿಸಿದ್ದ ಟೀಚರಮ್ಮ ಪರದೆ ಎಳೆದುಕೊಂಡು ಸಕ್ಕರೆ ಕರಗಿಸಿದರು.

ಮರುದಿನವೇ ಒಂದು ಬಂತು. ಮಿರಮಿರ ಹಸಿರು ಮೈ, ಕೆನ್ನೆಯ ಪಕ್ಕದಲ್ಲಿ ನೇರಳೆ ಬಣ್ಣದ ಗರಿ. ಹೊಟ್ಟೆ ತುಂಬ ಕುಡಿದು ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂತಿತು. ಮತ್ತೊಂದು ಕಿಂದೆ ಹತ್ತಿರ ಸುಳಿದದ್ದೇ ತಡ, ನೇರಳೆ ಗರಿ ಕೆದರಿಕೊಂಡು ಬಾಣದಂತೆ ನುಗ್ಗಿ ಅದನ್ನು ಬೇಲಿ ದಾಟಿಸಿತು. ಆಮೇಲೆ ಬಂದವಕ್ಕೂ ಅದೇ ಮರ್ಯಾದೆ.

ಎತೆಲ್ವಿನಾ ಆಗಲೇ ಊರನ್ನೆಲ್ಲ ಕರೆದಾಗಿತ್ತು. ಭಾನುವಾರ ಜನ ಮೆಕ್ಕೆಜೋಳದ ಕಡುಬು ಉಮಿತಾ ತಿಂದರು, ಕಾಫಿ ಕುಡಿದರು, ತಂತಿಯ ಮೇಲೆ ಕೂತ ಒಂಟಿ ಹಕ್ಕಿಯನ್ನು ನೋಡಿದರು.

"ಒಂದೇನಾ, ಟೀಚರಮ್ಮ?" ಎಂದರು ಫಾದರ್ ಅಬ್ದೋನ್.

"ಒಂದಿದ್ರೂ ಶಿಸ್ತಿದೆ, ಫಾದರ್."

ಇಪಾತಿಯಾ ಬಾಯೊಳಗಿನ ಉಮಿತಾ ನುಂಗಿ ಹೇಳಿದಳು: "ನಮ್ಮಣ್ಣ ನೆಪ್ತಾಲಿ ಥೇಟ್ ಹಿಂಗೇ ಅಲ್ವಾ ಅತ್ತಿಗೆ? ಊಟದ ಮೇಜಿಗೆ ಕಾವಲು ಕೂತ್ರೆ ಇನ್ನೊಬ್ರು ಕೈ ಚಾಚೋ ಹಂಗಿರ್ಲಿಲ್ಲ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತೀರಿಹೋದ ಗಂಡನ ಹೆಸರು ಹಕ್ಕಿಗೆ ಅಂಟಿತು. ಎತೆಲ್ವಿನಾ ನಾದಿನಿಯೊಡನೆ ಮಾತು ಬಿಟ್ಟರು.

ಮಾತು ಬಿಟ್ಟದ್ದು ನಾದಿನಿಯೊಡನೆ ಮಾತ್ರ. ಬೆಳಿಗ್ಗೆ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತರೆ ಹಕ್ಕಿಗೆ ಶುರುವಾಗುತ್ತಿತ್ತು: "ಲೋ ಹೊಟ್ಟೆಬಾಕ, ಇದೇನು ನಿಮ್ಮಪ್ಪನ ಆಸ್ತೀನಾ? ಒಂದು ಗುಟುಕು ಬೇರೆಯವ್ರು ಕುಡಿದ್ರೆ ನಿನ್ ಗಂಟೇನು ಹೋಗತ್ತೆ?" ಗಂಡ ಹೋದ ಮೇಲೆ ಅವರ ಬಾಯಿಗೆ ಇಷ್ಟು ಒಳ್ಳೆಯ ಕೆಲಸ ಸಿಕ್ಕಿರಲಿಲ್ಲ.

ಬೆಟ್ಟದಲ್ಲಿ ಚಳಿ ಕಚ್ಚುವ ಆಗಸ್ಟಿನ ಒಂದು ಮುಂಜಾನೆ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಬಾಟಲಿಯ ಅಂಚಿಗೆ ಕಾಲುಗುರು ಸಿಕ್ಕಿಸಿಕೊಂಡು ನೆಪ್ತಾಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಕಣ್ಣು ಮುಚ್ಚಿತ್ತು, ಮೈ ಕಲ್ಲಿನಷ್ಟು ತಣ್ಣಗೆ. ಬೈದರೂ ಅಲುಗಲಿಲ್ಲ. ಎತೆಲ್ವಿನಾ ಅವನನ್ನು ಬಿಡಿಸಿ, ಹೊಲಿಗೆ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿ, ಗುದ್ದಲಿ ತಂದರು.

ಗುದ್ದಲಿ ಸದ್ದಿಗೆ ಇಪಾತಿಯಾ ಬೇಲಿ ಸಂದಿಯಿಂದ ನುಸುಳಿ ಬಂದಳು. ಪೆಟ್ಟಿಗೆಯೊಳಗೆ ಇಣುಕಿ, ಶಿಲುಬೆಯ ಗುರುತು ಮಾಡಿಕೊಂಡು ಮನೆಗೆ ಓಡಿ ಮೋಂಬತ್ತಿ ಹಿಡಿದು ಬಂದಳು. ಸಾವಿನ ಮನೆ ಎಂದರೆ ಆಕೆಗೆ ಮೈಯಲ್ಲಿ ಎಲ್ಲಿಲ್ಲದ ಚುರುಕು. ಅಷ್ಟರಲ್ಲಿ ಆಕೆಯ ಕಣ್ಣು ಅತ್ತಿಗೆಯ ಮುಖದ ಮೇಲೆ ಬಿತ್ತು.

"ಅಳ್ತಿದೀರಾ ಅತ್ತಿಗೆ? ಅಣ್ಣ ಹೋದಾಗ ಒಂದು ಹನಿ ಹಾಕ್ಲಿಲ್ವಲ್ಲ!"

"ಊರೆಲ್ಲ ನೋಡ್ತಿತ್ತಲ್ಲೇ," ಎಂದರು ಎತೆಲ್ವಿನಾ, ಮೂಗು ಒರೆಸಿಕೊಂಡು. "ಟೀಚರಮ್ಮ ಅತ್ರೆ ಚೆನ್ನಾಗಿರತ್ತಾ?"

ಇಪಾತಿಯಾ ಮೋಂಬತ್ತಿ ಹಚ್ಚಿದಳು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಜಪ ಶುರು ಮಾಡಿದಳು. ಇಬ್ಬರೂ ಸೇರಿ ಅತ್ತರು. ಐದು ಗ್ರಾಂ ಹಕ್ಕಿಗಾಗಿ ಎಷ್ಟು, ಎಂಬತ್ತು ಕೆಜಿಯ ನೆಪ್ತಾಲಿಗಾಗಿ ಎಷ್ಟು ಎಂದು ತೂಗಿ ನೋಡಿದವರಿಲ್ಲ.

ಅಷ್ಟರಲ್ಲಿ ಬಿಸಿಲು ಬೇಲಿ ದಾಟಿ ಪೆಟ್ಟಿಗೆಯ ಮೇಲೆ ಬಿತ್ತು. ಹತ್ತಿ ನಡುಗಿತು. ಸತ್ತವನ ಎದೆ ಗಡಗಡ ಏರಿಳಿಯಿತು, ಒಂದು ಕಣ್ಣು ತೆರೆಯಿತು. ಚಳಿಗೆ ಸತ್ತಂತೆ ನಿದ್ದೆ ಹೋಗುವುದು ಆ ಜಾತಿಯ ಅಭ್ಯಾಸವೆಂದು ಇಬ್ಬರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಇನ್ನೂ ಸ್ವಲ್ಪ ಬಿಸಿಲು ಕಾಯಿಸಿಕೊಂಡು, ನೇರಳೆ ಗರಿ ಕೆದರಿ, ಜಪ ಮಾಡುತ್ತಿದ್ದವಳ ಮೂಗಿನ ಪಕ್ಕದಲ್ಲೇ ಹಾರಿ, ಅವನಿಲ್ಲವೆಂದು ಬಾಟಲಿಗೆ ಬಾಯಿಟ್ಟಿದ್ದ ಕಂದು ಕಿಂದೆಯನ್ನು ಅಟ್ಟಿಸಿಕೊಂಡು ಹೋದ. ಇಪಾತಿಯಾ ಮೋಂಬತ್ತಿ ಸಮೇತ ಹಿಂದಕ್ಕೆ ಬಿದ್ದಳು.

"ನನ್ ಜಪಕ್ಕೆ ಎದ್ದ!"

"ನಿನ್ ಜಪ ತಡೀಲಾರ್ದೆ ಎದ್ದ," ಎಂದರು ಎತೆಲ್ವಿನಾ. ನಗುತ್ತ ನಗುತ್ತ ಅವರಿಗೆ ಕೆಮ್ಮೇ ಬಂತು.

ಆ ವಾರವೇ ಎತೆಲ್ವಿನಾ ಇನ್ನೆರಡು ಬಾಟಲಿ ತಂದು, ಒಂದನ್ನು ಅಡುಗೆಮನೆಯ ಹಿಂದೆ, ಇನ್ನೊಂದನ್ನು ಹಂದಿಗೂಡಿನ ಮಗ್ಗುಲಿಗೆ ತೂಗುಹಾಕಿದರು. ಮೂರನ್ನೂ ಒಟ್ಟಿಗೆ ಕಾಯುವುದು ಯಾವ ಪಾಳೇಗಾರನಿಂದಲೂ ಆಗದು. ಇತ್ತ ಓಡಿಸಿದರೆ ಅತ್ತ ಕುಡಿದವು, ಅತ್ತ ಓಡಿಸಿದರೆ ಇತ್ತ. ಎರಡು ಅಂಗಳವೂ ಝೇಂಕಾರದಿಂದ ತುಂಬಿತು. ಹಕ್ಕಿ ಯಾರದೆಂಬ ಜಗಳ ಇನ್ನೂ ತೀರಿಲ್ಲ. ದಿನವೂ ಬೆಳಿಗ್ಗೆ ಒಂದೇ ಮೆಟ್ಟಿಲ ಮೇಲೆ ಕೂತು, ಒಂದೇ ಪಾತ್ರೆಯ ಕಾಫಿ ಕುಡಿಯುತ್ತ ಆ ಜಗಳವನ್ನು ಅತ್ತಿಗೆ ನಾದಿನಿ ಬಲು ನಿಷ್ಠೆಯಿಂದ ನಡೆಸಿಕೊಂಡು ಬರುತ್ತಿದ್ದಾರೆ.